ಹೊಳಿದಂಡಿ ಅನ್ನೋ ಐಡಿ

ಸೆಪ್ಟೆಂಬರ್ 14, ಭಾನುವಾರ. ಸಂಜೆ

ಲೈವ್ ಮುಗೀತು. ಗಂಟಲು ಒಣಗೈತಿ.

ವಾರಕ್ಕೊಮ್ಮೆ ಫ್ಯಾನ್ಸ್ ಪ್ರಶ್ನೆಗೆ ಉತ್ತರ ಕೊಡೋ ಕೆಲಸಕ್ಕ ಹಚ್ಚಿದ್ದು ಪಂಪೇಶನೇ. "ನಾ ಹಾಡ್ತೀನಿ, ನನ್ನ ಮುಖ ದಿನಾ ನೋಡ್ತಾರ. ಗಿಟಾರ್ ಹುಡುಗಿ ಮಾತಾಡಿದ್ರ ಬ್ಯಾಂಡಿನ ಪೇಜ್ ಓಡ್ತೈತಿ" ಅಂದಿದ್ದ. ಹುಡುಗಿಯಂತ. ಮೂವತ್ತೊಂದು ನನಗ.

ಇವತ್ತೂ ಅವೇ ಪ್ರಶ್ನೆ. ಯಾವ ಸ್ಟ್ರಿಂಗ್ ಹಾಕ್ತೀರಿ. ಪೆಡಲ್ ಯಾವುದು. ಮದುವಿ ಯಾವಾಗ. ಬ್ಯಾಂಡಿಗೆ 'ಕೆಂಪು ಧೂಳು' ಅಂತ ಯಾಕ ಹೆಸರಿಟ್ರಿ — ಬಿಳಿ ಅಂಗಿ ಹಾಕ್ಕೊಂಡು ಸಂಡೂರಿನ್ಯಾಗ ಒಂದಿನ ಅಡ್ಡಾಡ್ರಿ, ಗೊತ್ತಾಕೈತಿ ಅಂದೆ. ನಗೋ ಎಮೋಜಿ ಸುರಿದ್ವು. ಕೂಡ್ಲಿಗಿಯವನೊಬ್ಬ, ಗಿಟಾರ್ ಕಲಿಯಾಕ ಉಗುರು ತೆಗೀಬೇಕೇನ್ರಿ? ಎಡಗೈದು ತೆಗಿ ತಮ್ಮಾ, ಬಲಗೈದು ನಿನ್ನಿಷ್ಟ ಅಂದೆ.

ಕಡೀಗೆ ಒಂದು ಬಂತು. ಐಡಿ ಹೆಸರು 'ಹೊಳಿದಂಡಿ'. ಫೋಟೋ ಇಲ್ಲ, ಪೋಸ್ಟ್ ಇಲ್ಲ.

"ಅಕ್ಕಾ, ನಿಮ್ಮ ಎಡಗೈ ಉಂಗುರಬೆರಳು ಈಗ ಹೆಂಗೈತ್ರಿ?"

ಓದಿದೆ. ದಾಟಿಸಿದೆ. ನೆಟ್‌ವರ್ಕ್ ಹೋಗಾಕತ್ತೈತಿ ಅಂತ ಸುಳ್ಳು ಹೇಳಿ ಬಂದ್ ಮಾಡಿದೆ.

ಬೆರಳಿನ ವಿಷಯ ಗೊತ್ತಿರೋದು ಅವ್ವಗ, ಡಾಕ್ಟರಿಗೆ. ಬ್ಯಾಂಡಿನ್ಯಾಗ ಯಾರಿಗೂ ಹೇಳಿಲ್ಲ.

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ

ಅವ್ವ ರೊಟ್ಟಿ ಬಡಿತಿದ್ಲು. ಕೇಳೇಬಿಟ್ಟೆ. "ನನ್ನ ಕೈ ವಿಷಯ ಯಾರ ಮುಂದಾರ ಅಂದೇನು?"

"ನಾ ಯಾರ ಮುಂದ ಅನ್ಲೇ? ನಮ್ಮೂರು ಬಂಡ್ರಿ ಬಿಟ್ಟು ಹೊಸಪೇಟಿಗೆ ಬಂದಾಗಿಂದ ಈ ಗ್ವಾಡಿ ಮುಂದ ಬಿಟ್ರ ಯಾರ ಮುಂದ ಮಾತಾಡೀನಿ?"

"ಪಕ್ಕದ ಮನಿ ಶಾಂತಕ್ಕಗ?"

"ಆಕಿಗೆ ಗಿಟಾರಿಗೂ ತಂಬೂರಿಗೂ ಫರಕ್ ಗೊತ್ತಿಲ್ಲ." ರೊಟ್ಟಿ ತಿರುವಿ ಹಾಕಿ ನನ್ನ ಮುಖ ನೋಡಿದ್ಲು. "ಡಾಕ್ಟರ್ ಹೇಳಿದ್ದು ಕೇಳು ಮೊದ್ಲು."

ಡಾಕ್ಟರ್ ಹೇಳಿದ್ದು — ಮೊಣಕೈ ಹತ್ರ ನರ ಒತ್ತೈತಿ. ಅದಕ್ಕ ಉಂಗುರಬೆರಳು, ಕಿರುಬೆರಳು ಜೋಮು ಹಿಡೀತಾವ. ಮೂರು ತಿಂಗಳು ಗಿಟಾರ್ ಮುಟ್ಟಬ್ಯಾಡ. ಮುಟ್ಟಿದ್ರ ಮುಂದ ಬೆರಳು ಮಾತು ಕೇಳಂಗಿಲ್ಲ.

ಹಂಪಿ ಶೋ ಅಕ್ಟೋಬರ್ 25ಕ್ಕ. ಅಷ್ಟು ದೊಡ್ಡ ಸ್ಟೇಜ್ ಇದೇ ಮೊದ್ಲು. ಅದೊಂದು ಆಗ್ಲಿ. ಆಮೇಲೆ ಬೇಕಾದ್ರ ಕೈಯಿಗೆ ಪ್ಲಾಸ್ಟರ್ ಹಾಕ್ಲಿ.

ಸೆಪ್ಟೆಂಬರ್ 18, ಗುರುವಾರ

ಸಂಡೂರಿಗೆ ಹೋಗಿ ಪ್ರಾಕ್ಟೀಸ್. ಪಂಪೇಶನ ಮನಿ ಹಿಂದಿನ ಲಾರಿ ಶೆಡ್. ಅದಿರಿನ ಲಾರಿ ಮಾರಿದ ಮ್ಯಾಲೆ ಅಲ್ಲಿ ನಾವು.

ನನ್ನ ಸೋಲೋ ಎರಡು ಸಲ ಜಾರಿತು. ಉಂಗುರಬೆರಳು ತಂತಿ ಮ್ಯಾಲೆ ಇದ್ದಂಗೂ ಇಲ್ಲ, ಇಲ್ಲದಂಗೂ ಇಲ್ಲ. ಮೊದ್ಲು ಹಿಂಗಾದ್ರ ಹುಲಿಗೇಶ ಬೇಸ್ ಗಿಟಾರ್ ಕೆಳಗಿಟ್ಟು ಅಣಕಸ್ತಿದ್ದ. ಇವತ್ತು ನೆಲ ನೋಡಿದ. ಪಂಪೇಶ "ಮಸ್ತ್, ಮಸ್ತ್" ಅಂದ. ಮಸ್ತ್ ಏನಿತ್ತು ಅದ್ರಾಗ? ಡ್ರಮ್ಸ್ ಹಿಂದ ಹಾಲೇಶ ಟವಲಿನ್ಯಾಗ ಮುಖ ಒರಿಸ್ಕೊಂತ ಕುಂತಿದ್ದ. ಒರಿಸಿ ಮುಗಿಯಲೇ ಇಲ್ಲ.

ಪಂಪೇಶನ ಹೆಂಡ್ತಿ ಪಂಪಾವತಿ ಮಂಡಕ್ಕಿ, ಮಿರ್ಚಿ ತಂದುಕೊಟ್ಲು. ಆಕಿ ಹಾಲೇಶನ ಸ್ವಂತ ತಂಗಿ. ಅಣ್ಣನ ಹತ್ರ ಏನೋ ಅಂದ್ಲು, ಸಣ್ಣ ದನಿಲೆ. ನಾ ತಿರುಗಿದ ಕೂಡ್ಲೆ ಬಾಯಿ ಮುಚ್ಚಿದ್ಲು.

ಪಂಪೇಶನ ಫೋನ್ ಬಂತು. ಸ್ಕ್ರೀನ್ ನೋಡಿ ಮಕಾಡೆ ಮಲಗಿಸಿದ.

ಸೆಪ್ಟೆಂಬರ್ 21, ಭಾನುವಾರ. ಸಂಜೆ

ಮತ್ತ ಹೊಳಿದಂಡಿ.

"ಅಕ್ಕಾ, ಹಂಪಿ ಶೋದಾಗ ಗಿಟಾರ್ ನೀವೇ ನುಡಸ್ತೀರೇನ್ರಿ? ಪಕ್ಕಾ ಐತೇನು? ಕೇಳಿ ತಿಳ್ಕೊಂಡ್ರಿ?"

ಕೇಳಿ ತಿಳ್ಕೊಳ್ಳೋದು ಯಾರನ್ನ? ಜೋರಾಗಿ ಓದಿ ನಕ್ಕೆ. "ನಾನಲ್ದ ಇನ್ಯಾರು, ನಿಮ್ಮಪ್ಪ ಬಂದು ನುಡಸ್ತಾನೇನು?" ಎಲ್ಲಾರೂ ಚಪ್ಪಾಳೆ ಎಮೋಜಿ ಹಾಕಿದ್ರು. ಲಗೂನ ಮುಂದಿನ ಪ್ರಶ್ನೆಗೆ ಹೋದೆ.

ಇವ ಫ್ಯಾನ್ ಅಲ್ಲ. ಒಳಗಿನವ.

ಸೆಪ್ಟೆಂಬರ್ 23

ನನ್ನ ಗಿಟಾರ್ ಕ್ಲಾಸಿನ ಮಕ್ಕಳಿಗೆ ಸಿ ಕಾರ್ಡ್ ಹೇಳಿಕೊಡ್ತಾ ಅದನ್ನೇ ಯೋಚನೆ. ಒಂದು ಹುಡುಗಿ "ಮಿಸ್, ನೀವ ತಪ್ಪು ಹಿಡಿದೀರಿ" ಅಂತು.

ಬ್ಯಾಂಡಿನ್ಯಾಗ ನನ್ನ ಬಿಟ್ರ ಮೂರು ಮಂದಿ. ಪಂಪೇಶ — ಅವನಿಗೆ ನನ್ನಿಂದ ಲಾಭ ಐತಿ, ಅವ ಯಾಕ ಹೆದರಸ್ತಾನ? ಹುಲಿಗೇಶ — ಹೊಟ್ಟಿಕಿಚ್ಚು ಇರಬಹುದು, ಯಾರೂ ಬೇಸ್ ಬಗ್ಗೆ ಪ್ರಶ್ನೆ ಕೇಳಂಗಿಲ್ಲ. ಹಾಲೇಶ... ಕಂಪ್ಲಿಯವ, ಅಕ್ಕಿ ಗಿರಣಿ ಮನಿತನ, ಮಾತು ಕಮ್ಮಿ. ಮಾತು ಕಮ್ಮಿ ಇದ್ದವರು ಫೋನಿನ್ಯಾಗ ಬ್ಯಾರೆ ಮನುಷ್ಯಾರಾಗ್ತಾರ.

ಕಂಪ್ಲಿ. ಹೊಳಿ. ದಂಡಿ.

ಆದ್ರ ಹುಲಿಗೇಶನ ಮನೀನೂ ಬುಕ್ಕಸಾಗರದಾಗ. ಅದೂ ಹೊಳಿ ದಂಡಿನೇ.

ಅಕ್ಟೋಬರ್ 3, ಶುಕ್ರವಾರ

ದಸರಾ ಮುಗೀತು. ಹೋದ ಭಾನುವಾರ ಲೈವ್ ಮಾಡಲಿಲ್ಲ, ಜ್ವರ ಅಂದೆ. ಜ್ವರ ಇರಲಿಲ್ಲ.

ಇವತ್ತು ಒಬ್ಬೊಬ್ಬರಿಗೂ ಫೋನ್ ಮಾಡಿ ಒಂದೊಂದು ಸುಳ್ಳು ಹೇಳೀನಿ. ಬ್ಯಾರೆ ಬ್ಯಾರೆ. ಪಂಪೇಶಗ — ಶೋ ದಿನ ಇಳಕಲ್ ಸೀರಿ ಉಟ್ಕೊಂಡು ನುಡಸ್ತೀನಿ. ಹುಲಿಗೇಶಗ — ಸೋಲೋ ಪೂರ್ತಿ ಬದಲಿ ಮಾಡ್ತೀನಿ. ಹಾಲೇಶಗ — ಬರೋ ಗುರುವಾರ ಬಳ್ಳಾರಿಗೆ ಕಾಕನ ಮನಿಗೆ ಹೋಗ್ತೀನಿ, ಪ್ರಾಕ್ಟೀಸಿಗೆ ಬರಂಗಿಲ್ಲ, ಪಂಪೇಶಗ ನಾನೇ ಹೇಳ್ತೀನಿ.

ಹಾಲೇಶ "ಗುರುವಾರನೇ ಹೋಗಬೇಕೇನು?" ಅಂದ. ಹೂಂ ಅಂದೆ. "ಸರಿ ಬಿಡು" ಅಂದ.

ಯಾರಿಗೆ ಹೇಳಿದ ಸುಳ್ಳು ತಿರುಗಿ ಬರ್ತೈತೋ, ಅವನೇ ಹೊಳಿದಂಡಿ.

ಅಕ್ಟೋಬರ್ 5, ಭಾನುವಾರ. ಸಂಜೆ

ಬಂತು.

"ಅಕ್ಕಾ, ಗುರುವಾರ ಬಳ್ಳಾರಿಗೆ ಯಾಕ ಹೋಗ್ತೀರಿ? ಸಂಡೂರಿಗೆ ಹೋಗಬಾರ್ದೇನ್ರಿ?"

ಹಾಲೇಶ.

ಏಳು ವರ್ಷ ಅವನ ಡ್ರಮ್ಸಿಗೆ ಬೆನ್ನು ಕೊಟ್ಟು ನಿಂತೀನಿ. ಲೈವಿನ್ಯಾಗೇ ಹೇಳಿದೆ. "ಎಲ್ಲಾರೂ ಕೇಳ್ರಿ. ಈ ಹೊಳಿದಂಡಿ ಯಾರಂತೀರಿ? ನಮ್ಮ ಡ್ರಮ್ಮರ್ ಹಾಲೇಶ. ಮುಖ ಮುಚ್ಕೊಂಡು ಹೆಣ್ಮಗಳನ್ನ ಹೆದರಸಾಕತ್ಯಾನ. ಅವನ್ನ ಕೇಳ್ರಿ ಯಾಕಂತ." ಮೂರೂ ಪ್ರಶ್ನೆ ಸ್ಕ್ರೀನಿಗೆ ಹಿಡಿದು ತೋರಿಸಿದೆ.

ಹಗುರಾತು ಎದಿ. ಭಾಳ ಹಗುರಾತು.

ಅಕ್ಟೋಬರ್ 6, ಸೋಮವಾರ

ಹಾಲೇಶನ ಪೇಜ್ ತುಂಬ ಬೈಗುಳ. ಅವನ ಅವ್ವನ್ನೂ ಬಿಟ್ಟಿಲ್ಲ ಜನ. ಬೆಳಿಗ್ಗೆ ಒಂದೇ ಸಲ ಫೋನ್ ಮಾಡಿದ್ದ. ಎತ್ತಲಿಲ್ಲ. ಮತ್ತ ಮಾಡಲಿಲ್ಲ.

ಮಧ್ಯಾಹ್ನ ಪಂಪೇಶ ಮಾಡಿದ. ಬೆಲ್ಲದಂಥ ದನಿ. "ಒಳ್ಳೇದು ಮಾಡಿದಿ ಪಲ್ಲವಿ. ಅವ ಹಿಂಗ ಮಾಡ್ತಿದ್ದ ಅಂತ ನನಗ ಗೊತ್ತೇ ಇದ್ದಿಲ್ಲ. ನಾ ನೋಡ್ಕೊಂತೀನಿ ಅವನ್ನ. ಗುರುವಾರ ಪ್ರಾಕ್ಟೀಸ್ ಕ್ಯಾನ್ಸಲ್. ನೀ ಆರಾಮ್ ಇರು, ಕೈಗೆ ಸ್ವಲ್ಪ ರೆಸ್ಟ್ ಕೊಡು."

ಥ್ಯಾಂಕ್ಸ್ ಅಂದೆ. ಚಾ ಕುಡಿದೆ. ಕಪ್ ತೊಳೀತಾ ಇದ್ದಾಗ ಹೊಳೀತು.

ಕೈಗೆ ಯಾಕ? ಪ್ರಶ್ನೆದಾಗ ಬರೇ ಬೆರಳು ಹೆಂಗೈತಿ ಅಂತ ಇತ್ತು. ನೋವೈತಿ ಅಂತ ಇದ್ದಿಲ್ಲ. ನಾನೂ ಹೌದು ಅಂದಿದ್ದಿಲ್ಲ.

ಅಕ್ಟೋಬರ್ 9, ಗುರುವಾರ. ಸಂಜೆ

ಸಂಡೂರಿಗೆ ಹೋದೆ. ಹೇಳದ.

ಬಸ್ ಇಳಿದು ಓಣಿ ತಿರುಗಿದೆ. ಶೆಡ್ಡಿನಿಂದ ನನ್ನ ಸೋಲೋ ಕೇಳಿಸ್ತು. ನಾ ಜಾರೋ ಜಾಗ ಬಂತು — ಜಾರಲಿಲ್ಲ. ಸ್ವಚ್ಛ. ಓಣ್ಯಾಗ ನಿಂತುಬಿಟ್ಟೆ. ಯಾವುದೋ ಆಡು ಬಂದು ನನ್ನ ಬ್ಯಾಗ್ ಮೂಸಿ ಹೋತು.

ಒಳಗ ಗಿಟಾರ್ ಹಿಡಿದವ ವಿಜಯಕುಮಾರ್ ಅಂತ, ಬಳ್ಳಾರಿಯವ. ನಾ ಬಿಟ್ಟುಬಂದ ಪೆಡಲ್ ಮ್ಯಾಲೆ ಅವನ ಕಾಲು. ಡ್ರಮ್ಸಿಗೆ ಇನ್ನೊಬ್ಬ ಯಾರೋ. ಹುಲಿಗೇಶ ನನ್ನ ನೋಡಿ ಬೇಸಿನ ವಾಲ್ಯೂಮ್ ಪೂರ್ತಿ ಇಳಿಸಿದ.

"ಕುಂದ್ರು ಪಲ್ಲವಿ, ಸಿಟ್ಟಾಗಬ್ಯಾಡ" ಅಂದ ಪಂಪೇಶ. "ನಿನ್ನ ಒಳ್ಳೇದಕ್ಕ ಮಾಡೀನಿ. ಆರು ತಿಂಗಳಾತು ನಿನ್ನ ಬೆರಳು ಕುಂಟಾಕತ್ತಿ. ನಮ್ಗ ಕಿವಿ ಇಲ್ಲೇನು? ಶೋ ಹಿಂದಿನ ದಿನ ಹೇಳೋಣಂತಿದ್ದೆ."

"ಹಿಂದಿನ ದಿನ?"

"ಮೊದ್ಲೇ ಹೇಳಿದ್ರ ನೀ ಲೈವಿನ್ಯಾಗ ಮುಖ ಸಣ್ಣ ಮಾಡ್ಕೊಂಡು ಕುಂದರ್ತಿದ್ದಿ. ಈಗ ನೋಡು ಎಷ್ಟು ಜನ ನೋಡಾಕತ್ಯಾರ. ಭಾನುವಾರದ್ದು ನೀ ಬಿಡಬ್ಯಾಡ. ಉತ್ತರ ಕೊಡಾಕ ಬೆರಳೇನು ಬೇಕು?"

"ಹಾಲೇಶಗ ಇದು ಗೊತ್ತಿತ್ತಾ?"

"ಗೊತ್ತಿತ್ತು. ಬಾಯಿ ಬಿಡಬ್ಯಾಡ, ಬಿಟ್ರ ನಿನ್ನ ತಂಗಿ ನಿಮ್ಮ ಮನ್ಯಾಗ ಇರ್ತಾಳ ಅಂದಿದ್ದೆ. ಬಾಯಿ ಬಿಡ್ಲಿಲ್ಲ ಮಗ, ಪ್ರಶ್ನೆ ಕೇಳ್ಯಾನ. ನೀ ತೋರಿಸಿದ ಮ್ಯಾಲೆ ತಿಳೀತು. ನಾನೂ ಮಾತು ಉಳಿಸ್ಕೊಂಡೆ. ಮಂಗಳವಾರ ಬಸ್ ಹತ್ತಿಸಿ ತವರಿಗೆ ಕಳಿಸೀನಿ ಆಕೀನ್ನ."

ವೈರ್ ಕಿತ್ತು ಪೆಡಲ್ ಬ್ಯಾಗಿಗೆ ಹಾಕ್ಕೊಂಡೆ. ಒಂದೇ ಕೈಲೆ. ಎಡಗೈ ಮುಷ್ಟಿ ಬಿಗಿಯಾಕ ಬರಲಿಲ್ಲ.

ಅಕ್ಟೋಬರ್ 11, ಶನಿವಾರ

ಕಂಪ್ಲಿ.

ಬುಕ್ಕಸಾಗರ ದಾಟಿದ ಮ್ಯಾಲೆ ರೋಡಿನ ಎರಡೂ ಕಡೆ ಭತ್ತ. ಏನು ಹೇಳೋದು ಅಂತ ಬಸ್ಸಿನ್ಯಾಗ ಜೋಡಿಸ್ಕೊಂಡಿದ್ದೆ. ಗಿರಣಿ ಬಾಗಿಲಿನ್ಯಾಗ ಅವನ್ನ ನೋಡಿದ ಕೂಡ್ಲೆ ಎಲ್ಲಾ ಹೋತು. ಹುಬ್ಬಿನ ತನಕ ತೌಡು. ಗಿರಣಿ ಸದ್ದಿಗೆ ನನ್ನ ಮಾತು ಅವನಿಗೆ ಕೇಳಲಿಲ್ಲ. ಹೊರಗ ಬಂದ.

"ತಪ್ಪಾತು ಹಾಲೇಶ."

ಟವಲಿನ್ಯಾಗ ಹುಬ್ಬು ಒರಿಸ್ಕೊಂಡ.

"ನೇರ ಹೇಳಬಹುದಿತ್ತಲ್ಲ ನನಗ."

"ಹೆಂಗ ಹೇಳ್ಲಿ? ಪಂಪೇಶ ಆಣಿ ಮಾಡಿಸ್ಕೊಂಡಿದ್ದ, ತಂಗಿ ತಲಿ ಮ್ಯಾಲೆ ಕೈ ಇಡಿಸಿ." ಟವಲ್ ಜಾಡಿಸಿದ. "ಹೇಳಂಗಿಲ್ಲ ಅಂದಿದ್ದೆ. ಕೇಳಂಗಿಲ್ಲ ಅಂದಿದ್ದಿಲ್ಲ. ಅದಕ್ಕ ಕೇಳಿದೆ. ಗುರುವಾರ ನಮ್ಮ ಪ್ರಾಕ್ಟೀಸ್ ಮುಗಿದ ಮ್ಯಾಲೆ ಆ ಬಳ್ಳಾರಿಯವ ಬರ್ತಾನಂತ ಗೊತ್ತಿತ್ತು, ನೀ ಬಂದು ಕಣ್ಣಿಲೆ ನೋಡಬೇಕು ಅಂತ. ನೀ ಒಂದ್ಸಲ ಯೋಚನಿ ಮಾಡಬಾರ್ದಾ ಪಲ್ಲವಿ, ಇವ ಯಾಕ ಇದನ್ನೇ ಕೇಳ್ತಾನ ಅಂತ?"

"ಮಾಡಿದೆ. ಬರೇ ಕೆಟ್ಟದ್ದೇ ಹೊಳೀತು."

"ಏಳು ವರ್ಷದಾಗ ನಾ ನಿನಗ ಏನು ಕೆಟ್ಟದ್ದು ಮಾಡಿದ್ದೆ?"

ಚೀಲ ಹೊರೋ ಹಮಾಲರು ನಮ್ಮಿಬ್ಬರ ನಡುವಿಂದ ಹಾಯ್ದು ಹೋದ್ರು. ಅವನೂ ಅವರ ಹಿಂದ ಒಳಗ ಹೋದ. ಮನಿಗೆ ಬಾ ಅನ್ನಲಿಲ್ಲ. ಪಂಪಾವತಿ ಮುಖ ನೋಡೋ ಧೈರ್ಯ ನನಗೂ ಇದ್ದಿಲ್ಲ.

ಅಕ್ಟೋಬರ್ 12, ಭಾನುವಾರ. ಸಂಜೆ

ಬ್ಯಾಂಡ್ ಪೇಜಿನ ಪಾಸ್‌ವರ್ಡ್ ಬದಲಿ ಆಗೈತಿ. ನನ್ನ ಸ್ವಂತ ಪೇಜಿನಿಂದ ಬಂದೆ. ಎಂದಿನ ಮಂದಿಯಾಗ ಕಾಲುಭಾಗನೂ ಇಲ್ಲ.

ಎಡಗೈ ಎತ್ತಿ ತೋರಿಸಿದೆ. ಉಂಗುರಬೆರಳು ಮಡಚಿದ್ರ ಹೆಂಗ ನಿಂತುಬಿಡ್ತೈತಿ ಅಂತ. ನರದ್ದು, ಡಾಕ್ಟರದ್ದು, ಮುಚ್ಚಿಟ್ಟಿದ್ದು. ಹಾಲೇಶ ನನ್ನ ಎಚ್ಚರಸಾಕ ನೋಡಿದ್ದ, ನಾ ಅವನ ಮಾನ ತೆಗೆದೆ, ಅವನಿಗೆ ಬೈದವರೆಲ್ಲಾ ಹೋಗಿ ಅಳಸ್ರಿ ಅಂದೆ. ಅವನ ತಂಗಿ ವಿಷಯ ಎತ್ತಲಿಲ್ಲ. ಅದು ಅವರ ಮನಿದು.

"ಕರುಣೆ ಗಿಟ್ಟಿಸ್ಕೊಳ್ಳೋ ನಾಟಕ" — ಒಬ್ಬ. "ವ್ಯೂಸ್ ಬೇಕೇನು?" — ಇನ್ನೊಬ್ಬ. ನಂಬಲಿಲ್ಲ ಭಾಳ ಮಂದಿ. ನಾನೇ ಯಾರನ್ನ ನಂಬಿದ್ದೆ?

ಉಗುರು ಕೇಳಿದ್ದ ಕೂಡ್ಲಿಗಿ ಹುಡುಗ, "ಅಕ್ಕಾ, ಮತ್ತ ಯಾವಾಗ ನುಡಸ್ತೀರಿ?"

ಗೊತ್ತಿಲ್ಲ ತಮ್ಮಾ ಅಂದೆ.

ಅಕ್ಟೋಬರ್ 26, ಭಾನುವಾರ

ನಿನ್ನೆ ಹಂಪಿ ಶೋ ಆತು. ಹೋಗಲಿಲ್ಲ. ಅವ್ವ ಟಿವಿ ಹಚ್ಚಿ ಆರಿಸಿದ್ಲು.

ಬೆಳಿಗ್ಗೆ ಹುಲಿಗೇಶನ ಫೋನ್. "ಸೋಲೋ ಬಂದಾಗ ಮುಂದಿನ ಸಾಲಿನವರು ಪಲ್ಲವಿ, ಪಲ್ಲವಿ ಅಂತ ಕೂಗಿದ್ರು. ದೇವರಾಣೆ."

ಖರೇನೋ, ನನ್ನ ಸಮಾಧಾನಕ್ಕೋ? ಖರೇ ಇದ್ರ ಯಾರಾರ ವಿಡಿಯೋ ಹಾಕಿರ್ತಾರ. ಹುಡುಕಬೇಕನ್ನಿಸ್ತು. ಹುಡುಕಲಿಲ್ಲ. ಥ್ಯಾಂಕ್ಸ್ ಹುಲಿಗೇಶ ಅಂದೆ. ಅಷ್ಟೇ.

ಗಿಟಾರ್ ಚೀಲದಾಗ ಐತಿ. ಅವ್ವ ಅದರ ಮ್ಯಾಲೆ ಹಳೇ ಕೌದಿ ಹೊದಿಸ್ಯಾಳ.

ನವೆಂಬರ್ 2, ಭಾನುವಾರ. ಸಂಜೆ

ಕಂಪ್ಲಿಗೆ ಮತ್ತ ಹೋಗಿದ್ದೆ. ಈ ಸಲ ಮನಿಗೆ. ಹಾಲೇಶ ಬಾಗಿಲು ತೆಗೆದು "ಬಾ" ಅಂದ. ಒಂದೇ ಅಕ್ಷರ. ಚಪ್ಪಲಿ ಹಾಕ್ಕೊಂಡು ಗಿರಣಿಗೆ ಹೋದ. ಸಿಟ್ಟು ಇಳಿದಿಲ್ಲ. ಇಳೀಬೇಕು ಅಂತ ನಾ ಹೆಂಗ ಕೇಳ್ಲಿ?

ಪಂಪಾವತಿ ಚಾ ತಂದ್ಲು. ಸೊರಗಿದ್ಲು. ತಪ್ಪಾತು ತಂಗೀ ಅನ್ನಾಕ ಬಾಯಿ ತೆಗೆದೆ. ಕೈ ಎತ್ತಿ ಬ್ಯಾಡ ಅಂದ್ಲು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂತ ಕುಂತ್ಲು.

"ಅಕ್ಕಾ, ನೀವು ಎಲ್ಲಾರ ಪ್ರಶ್ನೆಗೂ ಉತ್ತರ ಕೊಡ್ತಿದ್ರಿ. ನಾ ಅಡಿಗಿ ಮನ್ಯಾಗ ಕುಂತು ನೋಡ್ತಿದ್ದೆ. ನಾನೂ ಒಂದು ಕೇಳ್ಲಾ?"

"ಕೇಳು."

"ನಿನ್ನೆ ಅವರು ಫೋನ್ ಮಾಡಿದ್ರು. ಬುಧವಾರ ಕರಿಯಾಕ ಬರ್ತೀನಿ ಅಂದ್ರು. ಅವ್ವ ಹೋಗು ಅಂತಾಳ. ಅಣ್ಣ ಬ್ಯಾಡ ಅಂತಾನ. ಹೋಗ್ಲೋ ಬ್ಯಾಡೋ?"

ತಟ್ಟನೆ ಬ್ಯಾಡ ಅನ್ನಾಕ ಹೋಗಿದ್ದೆ. ಹಿಡ್ಕೊಂಡೆ. ಪಂಪೇಶನ ಮ್ಯಾಲಿನ ನನ್ನ ಸಿಟ್ಟು ಆಕಿ ಬಾಯಾಗ ಹಾಕಿದಂಗ ಆಗ್ತಿತ್ತು.

"ನಿನಗೇನು ಅನ್ನಿಸ್ತೈತಿ?" ಅಂದೆ.

ಆಕಿ ನನ್ನ ನೋಡಿದ್ಲು. "ಯಾರೂ ಕೇಳೇ ಇದ್ದಿಲ್ಲ ಅಕ್ಕಾ, ಇದನ್ನ" ಅಂದ್ಲು.

ಆಮೇಲೆ ಹೇಳಾಕ ಶುರು ಮಾಡಿದ್ಲು. ನನ್ನ ಚಾ ಆರಿ ಕೆನಿ ಕಟ್ಟಿತು. ಲಗ್ನ ಆದಾಗಿಂದ ಯಾರ ಮುಂದೂ ಅಂದಿಲ್ಲದ್ದು. ನಡುನಡುವೆ ನಿಂತು, ಮತ್ತ ಶುರು ಮಾಡಿ... ನಾ ಸುಮ್ನ ಕೇಳಿದೆ. ಅದರ ಹಿಂದ ಏನೈತಿ, ಇದರ ಹಿಂದ ಏನೈತಿ ಅಂತ ಹುಡುಕಲಿಲ್ಲ.

ಆಕಿ ಹೇಳಿದ್ದರಾಗ ಒಂದು ಮಾತು ಮಾತ್ರ ಬರ್ಕೊಂತೀನಿ. ಆಕಿ ಅಂದದ್ದು —

ಬ್ಯಾಡ. ಇಲ್ಲಿ ಬರಿಯೋದೂ ಬ್ಯಾಡ. ಅದು ಆಕಿದು.