ತಂಡಕ್ಕೆ ಹೊಂದುವುದಿಲ್ಲ

ಮನೆಯಿಂದ,
ಜೂನ್ ೮, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಡಗಿನವರಿಗೆಲ್ಲ ಔಷಧಿ ಕೊಡುವ ಡಾಕ್ಟರಮ್ಮನಿಗೇ ಕಳೆದ ಸಲ ತಲೆಸುತ್ತು ಹಿಡಿದಿತ್ತಲ್ಲ, ಈಗ ಸಮುದ್ರ ಒಗ್ಗಿತೇ? ಮುಂದಿನ ಬಂದರಿನಲ್ಲಿ ಈ ಪತ್ರ ಸಿಕ್ಕ ಕೂಡಲೇ ಬರೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಕೆಲವು ದಿನಗಳಿಂದ ಹೊಟ್ಟೆಯೊಳಗೆ ಬೆಂಕಿ ಇಟ್ಟಂತಾಗಿದೆ. ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ಹೊಸ ಇಂಜಿನಿಯರುಗಳ ಸಂದರ್ಶನ ಮಾಡುವ ಕೆಲಸ ನನಗೂ ಬಿದ್ದಿದೆಯಲ್ಲ. ಒಂದು ದಿನ ಬಂದಾಕೆ ತುಂಬು ಗರ್ಭಿಣಿ. ಒಂದೇ ಸೀಟನ್ನು ಇಬ್ಬರು ಒಂದೇ ಕ್ಷಣದಲ್ಲಿ ಬುಕ್ ಮಾಡಿದರೆ ಪ್ರೋಗ್ರಾಂ ಏನು ಮಾಡಬೇಕು ಎಂದು ಕೇಳಿದೆ. ಆಕೆ ಬೋರ್ಡಿನ ಮೇಲೆ ಬರೆಯುತ್ತ ನಡುವೆ ನಿಂತು, "ಒಂದ್ನಿಮಿಷ, ಒಳಗಿನವರು ಒದೀತಿದಾರೆ" ಎಂದು ನಕ್ಕು ಕುರ್ಚಿ ಎಳೆದುಕೊಂಡರು. ಕೂತಲ್ಲಿಂದಲೇ ತಮ್ಮದೇ ತಪ್ಪೊಂದನ್ನು ಕಂಡು, ನಾನು ಬಾಯಿ ತೆರೆಯುವ ಮೊದಲೇ ಎದ್ದು ಸರಿಮಾಡಿದರು. ಇಂಥವರು ಪಕ್ಕದ ಮೇಜಿನಲ್ಲಿದ್ದರೆ ಎಷ್ಟು ಹಾಯಾಗಿರುತ್ತಿತ್ತು ಅನ್ನಿಸಿ, ತೆಗೆದುಕೊಳ್ಳಲೇಬೇಕು ಎಂದು ಬರೆದೆ. ಸಂದರ್ಶನ ಮಾಡಿದ ಉಳಿದ ಮೂವರೂ ಹಾಗೆಯೇ ಬರೆದಿದ್ದರು.

ಆಮೇಲೆ ತೀರ್ಮಾನದ ಮೀಟಿಂಗು. ನಮ್ಮ ಮ್ಯಾನೇಜರು ದನಿ ಏರಿಸದೆಯೇ ಕತ್ತು ಕುಯ್ಯುವವರು, ನಾವೆಲ್ಲ ಬೆನ್ನ ಹಿಂದೆ ಬೆಣ್ಣೆ ಎನ್ನುತ್ತೇವೆ. "ಬುದ್ಧಿವಂತೆ, ಇಲ್ಲ ಅನ್ನಲ್ಲ. ಆದ್ರೆ ಸೇರಿದ ತಿಂಗಳಿಗೇ ರಜೆ ಹಾಕ್ತಾರೆ. ಪಾಪ, ಅವರಿಗೂ ಕಷ್ಟ. ನಿಮ್ಮ ಅಭಿಪ್ರಾಯ ಸ್ವಲ್ಪ ಬದಲಾಯಿಸಿಬಿಡಿ" ಎಂದರು. ಮೂವರೂ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿ ಟಕಟಕನೆ ಬದಲಾಯಿಸಿದರು. ಅವರಲ್ಲೊಬ್ಬಳಿಗೆ ಇಬ್ಬರು ಮಕ್ಕಳಿದ್ದಾರೆ ಅಕ್ಕಾ. "ನಾನು ಬದಲಾಯಿಸಲ್ಲ. ಗರ್ಭಿಣಿ, ಅದಕ್ಕೇ ಬೇಡ ಅಂತ ನೀವೇ ಬರೆದು ಹೆಸರು ಹಾಕಿ" ಎಂದೆ. "ಇಷ್ಟು ಸಿಟ್ಟು ಯಾಕೆ? ನಿಮಗೇನಾದ್ರೂ ಸಂಬಂಧಾನಾ?" ಎಂದು ನಕ್ಕು, 'ತಂಡಕ್ಕೆ ಹೊಂದುವುದಿಲ್ಲ' ಎಂದು ಬರೆದು ಮುಗಿಸಿದರು. ಯಾವ ತಂಡ, ಯಾರ ತಂಡ? ಅಮ್ಮನ ಹೊಟ್ಟೆಯಿಂದ ಬರದೆ ಆಕಾಶದಿಂದ ಉದುರಿದವರ ತಂಡವೇ?

ನಾನು ಬಿಡಲಿಲ್ಲ. ಅವರ ಮಾತನ್ನು ಒಂದಕ್ಷರ ಬಿಡದೆ ಮೇಲಿನವರಿಗೆ ಬರೆದು ಕಳಿಸಿದೆ. ವಿಚಾರಣೆಯಲ್ಲಿ ಆ ಮೂವರಿಗೂ ಏನೂ ನೆನಪಿರಲಿಲ್ಲ. ಆದರೂ ಕಂಪನಿಗೆ ಹೆದರಿಕೆಯಾಯಿತೋ ಏನೋ, ಕೆಲಸ ಕೊಡುತ್ತೇವೆಂದು ಆಕೆಗೆ ಫೋನ್ ಮಾಡಿದರು. ಅಷ್ಟರಲ್ಲಿ ಸಣ್ಣ ಕಂಪನಿಯೊಂದು ಆಕೆಯನ್ನು ಕರೆದು ಕೂರಿಸಿಯಾಗಿತ್ತು. ಬೆಣ್ಣೆ ನನ್ನ ಮೇಜಿಗೆ ಬಂದು, "ನೋಡಿದ್ರಾ, ಅವರಿಗೇ ಆಸಕ್ತಿ ಇರ್ಲಿಲ್ಲ" ಎಂದರು. ಕೈಯಲ್ಲಿದ್ದ ಲೋಟವನ್ನು ಹೇಗೆ ಕೆಳಗಿಟ್ಟೆನೋ ನನಗೇ ಗೊತ್ತಿಲ್ಲ. ಈಗ ನನ್ನನ್ನು ಸಂದರ್ಶನಗಳಿಂದ ಬಿಡಿಸಿದ್ದಾರೆ. ನನಗೆ ವಿಶ್ರಾಂತಿ ಬೇಕಂತೆ.

ನಮ್ಮನೆಯವರು ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಗಾಳಿಗೆ ತಲೆ ಒಡ್ಡಬೇಡ.

ನಿನ್ನ ಜಗಳಗಂಟಿ ತಂಗಿ

ವಿ.ಸೂ.: ಹೇಳಬೇಕಾದ್ದೇ ಉಳಿಯಿತು. ನೀನು ದೊಡ್ಡಮ್ಮ ಆಗುತ್ತಿದ್ದೀಯ. ಆ ಮೀಟಿಂಗಿನ ದಿನವೇ ನನಗೆ ಗೊತ್ತಿತ್ತು. ಆಫೀಸಿನಲ್ಲಿ ಇನ್ನೂ ಯಾರಿಗೂ ತಿಳಿಯದು. ನಾಳೆ ಬೆಣ್ಣೆಗೆ ಹೇಳುತ್ತೇನೆ, ಎಲ್ಲರೆದುರು, ಗಟ್ಟಿಯಾಗಿ.