ಅವ್ವನ ಹೆಸರಿನ ಡಬ್ಬಿ

೧೧ ಫೆಬ್ರುವರಿ, ಮಂಗಳವಾರ. ಬೆಳಗ್ಗೆ ೯.೧೦

ದುಬೈ ವಿಮಾನ ನಿಲ್ದಾಣ. ಕುವೈತ್ ವಿಮಾನ ಸಂಜೆ ೬.೪೫ಕ್ಕೆ. ಒಂಬತ್ತೂವರೆ ಗಂಟೆ ಕಾಯಬೇಕು. ಅಲ್ಲಿರುವ ತಂಗಿ ಪುಷ್ಪಲತಾಗೆ ಹೆರಿಗೆಯಾಗಿ ಇವತ್ತಿಗೆ ಹನ್ನೆರಡು ದಿನ. ಅವ್ವನಿಗೆ ಮೊಣಕಾಲು ನೋವು ಬಿಟ್ಟಿಲ್ಲ, ಬಾಣಂತನಕ್ಕೆ ನಾನು ಹೊರಟಿದ್ದೇನೆ. ಕೊಟ್ಟೂರಿನ ಲೈಬ್ರರಿ ಕೆಲಸಕ್ಕೆ ಒಂದು ತಿಂಗಳು ರಜೆ ಹಾಕಿದ್ದೇನೆ. ಮೊದಲ ವಿಮಾನ. ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದೆ.

ಪಕ್ಕದಲ್ಲಿ ರೋಜಾ. ಚಿಗಟೇರಿಯವಳು. ಮಸ್ಕತ್‌ಗೆ ಮನೆಗೆಲಸಕ್ಕೆ ಹೊರಟಿದ್ದಾಳೆ, ಅವಳಿಗೂ ಮೊದಲ ಸಲ. ಬೆಂಗಳೂರಿನ ಕೌಂಟರಿನಲ್ಲಿ ಪರಿಚಯ. ನನ್ನ ಕೈಚೀಲ ಏಳು ಕೆಜಿ ದಾಟಿತ್ತು. ಅಂಟಿನುಂಡಿಯ ಸ್ಟೀಲ್ ಡಬ್ಬಿ ಹೊರಗೆ ತೆಗೆಯಬೇಕಾಯಿತು. ಕೇಳುವ ಮೊದಲೇ ತನ್ನ ಚೀಲಕ್ಕೆ ಹಾಕಿಕೊಂಡಳು.

"ಭಾರ ನಂದು, ಉಂಡಿ ನಿಮ್ದು. ಕೂಲಿ ಅಂತ ಒಂದರ ಕೊಡ್ರಿ ಅಕ್ಕಾರ."

ಕೊಡಲಿಲ್ಲ. ಬಾಣಂತಿಗೆ ಒಯ್ಯುವುದನ್ನು ದಾರಿಯಲ್ಲಿ ಬಿಚ್ಚಬಾರದು — ಅವ್ವನ ಮಾತು.

೧೧.೨೦

ರೋಜಾ ಹೋದಳು. ಅವಳ ವಿಮಾನ ೨.೦೫ಕ್ಕೆ, ಆದರೂ ಗೇಟಿನ ಮುಂದೆಯೇ ಕೂರುತ್ತಾಳಂತೆ. ನನ್ನನ್ನು ಬಿಟ್ಟು ಹಾರಿಬಿಟ್ಟರೆ, ಎಂದಳು. ಎರಡು ಗಂಟೆಯಿಂದ ಒಂದೇ ಸಮನೆ ಮಾತು. ಹೋದದ್ದು ಹಾಯೆನಿಸಿತು.

ಪುಸ್ತಕ ತೆಗೆದೆ. ಅನುವಾದ, ಯಾವುದೋ ಹಿಮದ ದೇಶದ ಕಾದಂಬರಿ. ಪುಟ ೧೧೨.

೧೧.೫೦

ಡಬ್ಬಿ ಅವಳ ಚೀಲದಲ್ಲೇ ಉಳಿದಿದೆ. ಗೇಟ್ ದೂರ, ಕೊಟ್ಟೂರು ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿನಷ್ಟು. ಹೊತ್ತಿದೆ. ಈ ಅಧ್ಯಾಯ ಮುಗಿಸಿ ಹೋದರಾಯಿತು.

೧೨.೧೦

ಪುಷ್ಪಾಳ ವಾಯ್ಸ್ ಮೆಸೇಜ್. ಹಿಂದೆ ಮಗು ಅಳುತ್ತಿದೆ.

"ಅಕ್ಕ, ಅವ್ವ ಉಂಡಿಗೆ ಗಸಗಸಿ ಹಾಕಿಲ್ಲ ಹೌದಿಲ್ಲೊ? ಈ ಕಡಿ ದೇಶದಾಗ ಅದು ಅಫೀಮು ಇದ್ದಂಗ. ಇವ್ರ ರೂಮಿನವರೊಬ್ಬರು ಒಂದು ಪಾಕೀಟಿನ ಸಲುವಾಗಿ ನಾಕು ತಿಂಗಳು ಜೇಲಿನಾಗ ಇದ್ರು."

ಹಾಕಿಲ್ಲ. ತಂಗಿಯ ಗಂಡ ಬೀರಲಿಂಗೇಶ್ ಕಳಿಸಿದ, ತರಬಾರದ ವಸ್ತುಗಳ ಪಟ್ಟಿಯನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದ್ದೆ. ಹೂಂ ಅಂದಿದ್ದಳು. ಹಾಗೆಂದು ಪುಷ್ಪಾಗೆ ಬರೆದೆ. ಆಮೇಲೆ ಅವ್ವನಿಗೂ ಒಂದು ಮೆಸೇಜ್ ಹಾಕಿದೆ. ಇಲ್ಲಿ ವಾಟ್ಸಾಪ್ ಕರೆ ಹೋಗುವುದಿಲ್ಲ.

೧೨.೩೨

ಅವ್ವನ ಉತ್ತರ, ಅದೂ ವಾಯ್ಸ್ ಮೆಸೇಜ್.

"ಒಂದೇ ಹಿಡಿ ಹಾಕೀನವ್ವ. ಗಸಗಸಿ ಇಲ್ದಿದ್ರ ಅದ್ಯಾವ ಅಂಟಿನುಂಡಿ? ಹಸಿ ಬಾಣಂತಿಗೆ ನಿದ್ದಿ ಬ್ಯಾಡೇನು? ಕೊಬ್ಬರಿ ಜೊತಿ ಹುರದು ಬೆಲ್ಲದಾಗ ಕೂಡ್ಸೀನಿ. ಯಾರಿಗೂ ಕಾಣಂಗಿಲ್ಲ, ನೀ ಅಂಜಬ್ಯಾಡ."

ಇಳಿದ ಕೂಡಲೇ ಚೀಲಗಳೆಲ್ಲ ಯಂತ್ರದೊಳಗೆ ಹೋಗಿದ್ದವು. ಪರದೆಯ ಹಿಂದೆ ಕೂತವನು ಏನು ಕಂಡ, ಏನು ಬರೆದುಕೊಂಡ? ಸಮವಸ್ತ್ರದವರು ಇಬ್ಬರು ಈ ಕಡೆ ಬರುತ್ತಿದ್ದಾರೆ…

ದಾಟಿ ಹೋದರು. ಕಾಫಿ ಕುಡಿಯಲಿಕ್ಕೆ.

೧೨.೩೮

ನನ್ನ ಚೀಲದಲ್ಲಿ ಏನೂ ಇಲ್ಲ.

ಹೊಳೆದ ತಕ್ಷಣ ಉಸಿರು ಸರಾಗವಾಯಿತು. ಇದನ್ನು ಬರೆದಿಡಬೇಕು, ಇನ್ನೆಲ್ಲೂ ಹೇಳಲಾರೆ. ನನ್ನ ಚೀಲದಲ್ಲಿ ಬಟ್ಟೆ, ಪುಸ್ತಕ, ಕೂಸಿನ ಟೊಪ್ಪಿಗೆ ಅಷ್ಟೇ. ಫೋನ್ ತೆಗೆದು ಅವ್ವನ ಮೆಸೇಜ್ ಅಳಿಸಿದೆ. ಅವ್ವನ ದನಿ.

ಪುಟ ೧೧೨.

೧.೧೨

ಪುಟ ೧೧೨. ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ. ಮಸ್ಕತ್‌ನಲ್ಲಿ ರೋಜಾಳ ಚೀಲ ತೆರೆಸುವುದೇ ಕಾಣುತ್ತದೆ. ಡಬ್ಬಿ ಯಾರದು? ಅಕ್ಕಾರದು, ಅನ್ನುತ್ತಾಳೆ. ಯಾವ ಅಕ್ಕಾರು? ನನ್ನ ಹೆಸರನ್ನೂ ಅವಳು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವಳ ನಂಬರ್ ನನ್ನ ಬಳಿ ಇಲ್ಲ.

ಬೋರ್ಡಿನಲ್ಲಿ ಮಸ್ಕತ್ ಮುಂದೆ ಈಗ ಗೇಟ್ ತೆರೆದಿದೆ ಎಂದು ಬಂದಿದೆ.

ಹೋಗುವುದು. ಅವಳ ಚೀಲದಿಂದ ಡಬ್ಬಿ ತೆಗೆದುಕೊಳ್ಳುವುದು. ಕಸದ ಬುಟ್ಟಿಗೆ ಹಾಕಬಾರದು, ಎಲ್ಲೆಲ್ಲೂ ಕ್ಯಾಮೆರಾ. ಅವಳು ಹತ್ತಿ ಕೂತ ಮೇಲೆ ಸಮವಸ್ತ್ರದವರ ಕೈಗೆ ಕೊಟ್ಟು ನನ್ನದೇ ಎನ್ನುವುದು. ಮುಚ್ಚಳದ ಮೇಲೆ ಕೊರೆಸಿದೆ: ನಾಗಲಿಂಗಮ್ಮ, ಕೊಟ್ಟೂರು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ನನ್ನ ತಾಯಿಯ ಹೆಸರೂ ಅದೇ. ಪಾಸ್‌ಪೋರ್ಟಿನದು ಇಂಗ್ಲಿಷ್, ಮುಚ್ಚಳದ್ದು ಕನ್ನಡ. ಅವರಿಗೆ ಓದಲು ಬಾರದಿದ್ದರೆ ನಾನೇ ಬೆರಳಿಟ್ಟು ಓದಿ ಹೇಳಬೇಕು.

ಪುಷ್ಪಾಗೆ ಏನೂ ಬರೆದಿಲ್ಲ. ಹಾಲು ಕುಡಿಸುವವಳು, ಹೆದರುತ್ತಾಳೆ. ಕುವೈತ್ ವಿಮಾನ ತಪ್ಪಬಹುದು. ಎಷ್ಟು ದಿನಕ್ಕೋ.

ಪುಸ್ತಕ ಒಳಗೆ ಹಾಕಿದೆ. ಪಾಸ್‌ಪೋರ್ಟ್ ಕೈಯಲ್ಲಿದೆ. ಹತ್ತು ಎಣಿಸಿ ಏಳುವುದು. ಒಂದು, ಎರಡು,