ನೀಲವ್ವ ಎದ್ದುಹೋದ ಸೋಮವಾರದ ಬಗ್ಗೆ

ಕಿವಿಮನೆ, ಹುಬ್ಬಳ್ಳಿ
ಆಷಾಢದ ನಲವತ್ತೊಂದನೆಯ ದಿನ, 2298

ತೇಜಸ್ವಿನಿ ಅಕ್ಕನವರಿಗೆ,

ಆಷಾಢಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಮಳೆ ನಿಲ್ಲುವವರೆಗೆ ತಿಂಗಳು ಮುಗಿಯುವುದಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಪತ್ರ ಹಿಂದಕ್ಕೆ ಹೋಗಿ ನಿಮ್ಮ ಕೈ ಸೇರುವಾಗ ನಿಮಗೆ ಇಪ್ಪತ್ತಾರು, ನನಗೆ ನಲವತ್ತು. ಆದರೂ ನೀವು ಇನ್ನೂರೈವತ್ತು ವರ್ಷಕ್ಕೂ ಮೊದಲೇ ಹುಟ್ಟಿದ್ದರಿಂದ ಅಕ್ಕ ಎನ್ನದೆ ವಿಧಿಯಿಲ್ಲ.

ನನ್ನ ಹೆಸರು ಚಂಬಣ್ಣ ಕಮ್ಮಾರ. ನಾಳೆಯಿಂದ ನಾನು ಕಿವಿಗಾರ. ನಿಮ್ಮ ಕಾಲದಲ್ಲಿ ನಿಮ್ಮಂಥವರನ್ನು ಮನೋಚಿಕಿತ್ಸಕರು ಎನ್ನುತ್ತಿದ್ದರಂತೆ. ಅಷ್ಟುದ್ದದ ಹೆಸರು ನಮ್ಮ ಬಾಯಿಗೆ ಒಗ್ಗಲಿಲ್ಲ. ಇಲ್ಲಿ ಗೋಡೆಗಳೂ ಮಾತಾಡುತ್ತವೆ. ನಿಟ್ಟುಸಿರು ಬಿಟ್ಟರೆ ಸಾಕು, ಏನಾಯಿತೆಂದು ಕೇಳಿ, ನಾವು ಬಾಯಿ ತೆರೆಯುವ ಮೊದಲೇ ಸಮಾಧಾನ ಹೇಳಿ ಮುಗಿಸುತ್ತವೆ. ಅದಕ್ಕೇ ಓಣಿಗೊಂದು ಕಿವಿಮನೆ ಇದೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ. ಜನ ಜೋಳ ಬೀಸಲು ಕೊಟ್ಟು, ಒಳಗೆ ಬಂದು ಇನ್ನೊಬ್ಬ ಮನುಷ್ಯನ ಎದುರು ಕೂರುತ್ತಾರೆ. ಹಿಟ್ಟು ತಣ್ಣಗಾಗುವವರೆಗೂ ಕೆಲವರು ಏಳುವುದಿಲ್ಲ.

ಹೊಸ ಕಿವಿಗಾರರಿಗೆ ಇಲ್ಲಿ ಮೊದಲ ಓದು, ನಿಮ್ಮೆದುರು ಕೂತವರ ಬಗ್ಗೆ ನೀವು ಬರೆದಿಟ್ಟ ನೀಲಿ ರಟ್ಟಿನ ನೋಟ್‌ಬುಕ್. ಗಾಬರಿಯಾಗಬೇಡಿ, ನೀಲವ್ವ ಎಂಬುದು ನೀವಿಟ್ಟ ಮರೆಯ ಹೆಸರೆಂದು ನಮಗೆ ಗೊತ್ತು. ಆಕೆಯ ನಿಜವಾದ ಹೆಸರನ್ನು ನಾವು ಯಾರೂ ಹುಡುಕಲಿಲ್ಲ.

ಆ ಸೋಮವಾರದ ಪುಟ ನನಗೆ ಬಾಯಿಪಾಠವಾಗಿದೆ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ನೀಲವ್ವ ತೀರಿಹೋದ ಮಗಳ ಬಗ್ಗೆ ಮೊದಲ ಸಲ ಮಾತಾಡಿದರು, ಅತ್ತರು, ನಿಲ್ಲಿಸಿದರು. ದುಃಖದ ನಡುವೆ ಮಾತು ತುರುಕಬಾರದೆಂದು ನಿಮ್ಮ ಗುರುಗಳು ಕಲಿಸಿದ್ದರು. ನೀವು ಅವರಂತೆಯೇ ಕೈಕಟ್ಟಿ, ಅವರಂತೆಯೇ ಗದ್ದ ವಾಲಿಸಿ, ಹನ್ನೊಂದು ನಿಮಿಷ ಸುಮ್ಮನೆ ಕೂತಿರಿ. ನೀಲವ್ವನ ಮನೆಯಲ್ಲಿ ಸಿಟ್ಟು ಬಂದವರು ಮಾತ್ರ ಹಾಗೆ ಕೂರುತ್ತಿದ್ದರು. “ಬಾಳ ಮಾತಾಡಿಬಿಟ್ಟೆ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಅಕ್ಕಾರ” ಎಂದು ಚೀಲ ಅವುಚಿಕೊಂಡು ಎದ್ದುಹೋದರು.

ನವಿಲು ನೋಡಿ ಕೆಂಭೂತ ಪುಕ್ಕ ಕೆದರಿದಂತಾಯಿತು ನನ್ನ ಕಥೆ ಎಂದು ನೀವು ಬರೆದುಕೊಂಡಿದ್ದೀರಿ. ಮುಂದಿನ ಪುಟದಲ್ಲಿ ರಾಜೀನಾಮೆಯ ಕರಡು. ಅದನ್ನೋದಿ ನನಗೆ ಅಳು ಬಂತು. ಎಷ್ಟೋ ಜನ ಇಂಥ ದಿನ ತಪ್ಪನ್ನು ನೀಲವ್ವನ ತಲೆಗೇ ಕಟ್ಟುತ್ತಿದ್ದರು. ನೀವು ಒಂದಕ್ಷರವನ್ನೂ ಮುಚ್ಚಿಡದೆ, ಗದ್ದ ವಾಲಿಸಿದ್ದನ್ನೂ ಬಿಡದೆ ಬರೆದಿರಿ. ಆ ಎದೆಗಾರಿಕೆಗೆ ನಾನು ಕೈಮುಗಿಯುತ್ತೇನೆ. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ, ಅಕ್ಕ?

ನಮ್ಮ ಕಟ್ಟಳೆಯೊಂದು ಹುಟ್ಟಿದ್ದೇ ನಿಮ್ಮ ಆ ಹನ್ನೊಂದು ನಿಮಿಷಗಳಿಂದ. ಸುಮ್ಮನಾಗುವ ಮೊದಲು ಕಿವಿಗಾರ ತಾನು ಯಾಕೆ ಸುಮ್ಮನಾಗುತ್ತಿದ್ದೇನೆಂದು ಹೇಳಬೇಕು. ಇದಕ್ಕೆ ಮೌನನುಡಿ ಎನ್ನುತ್ತೇವೆ. ಗುರುವಿನ ಮೌನನುಡಿಯನ್ನು ಶಿಷ್ಯ ಕದಿಯುವಂತಿಲ್ಲ. ತನ್ನ ಮನೆಯ ಮಾತಿನಲ್ಲಿ ತನ್ನದನ್ನೇ ಕಟ್ಟಬೇಕು. ನನಗೆ ಎಂಟು ತಿಂಗಳು ಹಿಡಿಯಿತು: “ನಾ ಸುಮ್ಮನಿದ್ರ ಸಿಟ್ಟಲ್ರೀ, ನಿಮ್ಮ ಜೋಡೀನ ಕುಂತೀನಿ.” ನಾಳೆ ಇದನ್ನು ಹೇಳುವಾಗ ನಾಲಿಗೆ ತೊದಲದಿದ್ದರೆ ಸಾಕು. ನೀವು ಮುಂದೆ ಕಟ್ಟಲಿರುವ ಮೌನನುಡಿ ಏನೆಂದು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಹೇಳಿದರೆ ನೀವು ಮತ್ತೊಬ್ಬರ ದನಿಯಲ್ಲಿ ಮಾತಾಡಿದಂತಾಗುತ್ತದೆ.

ನನ್ನ ಬೇಡಿಕೆ ಒಂದೇ. ನಮ್ಮ ಬಳಿ ಇರುವ ನಿಮ್ಮ ರಾಜೀನಾಮೆಯಲ್ಲಿ ಸಹಿಯ ಜಾಗ ಖಾಲಿಯಿದೆ. ಅದು ಹಾಗೇ ಇರಲಿ. ಬರುವ ಗುರುವಾರ ಬೆಳಿಗ್ಗೆ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ, ನಿಮ್ಮ ಸಿಟ್ಟು ಇಳಿಸಲೆಂದು ಎರಡು ರೊಟ್ಟಿ ಕಟ್ಟಿಕೊಂಡು, ನೀಲವ್ವ ಕೂತಿರುತ್ತಾರೆ. ಒಳಗೆ ಬರಲು ಅವರಿಗೆ ಧೈರ್ಯವಿಲ್ಲ. ನೀವೇ ಬಾಗಿಲು ತೆಗೆಯಿರಿ.

ನಿಮ್ಮ ತಮ್ಮ,
ಚಂಬಣ್ಣ